ಬೆಟ್ಟಯ್ಯನ ಏಳು ಗಂಟೆಯ ಸ್ಟೇಷನ್

ರೇವಣಸಿದ್ದನ ಕೈಗೆ ಬಂದ ರೇಡಿಯೋ ಬದುಕದೆ ಹೋದದ್ದಿಲ್ಲ ಎಂಬ ಮಾತು ನಜರ್‌ಬಾದಿನಲ್ಲಿ ಇತ್ತು. ಆ ಮಾತನ್ನು ಹಬ್ಬಿಸಿದವನು ರೇವಣಸಿದ್ದನೇ ಆದರೂ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅರವತ್ತೆಂಟು ವರ್ಷವಾದರೂ ಮನೆಯ ಮುಂಗೋಣೆಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕೂರುವುದನ್ನು ಬಿಟ್ಟಿರಲಿಲ್ಲ. ಈಗಿನ ಪ್ಲಾಸ್ಟಿಕ್ ಡಬ್ಬಗಳನ್ನು ಮಾಡಿದವರ ವಂಶವನ್ನೆಲ್ಲ ಜಾಲಾಡಿಕೊಂಡೇ ಕೆಲಸ ಮಾಡುವುದು ಅವನ ರೂಢಿ.

ಲಷ್ಕರ್ ಮೊಹಲ್ಲಾದ ಗುಜರಿ ಅಂಗಡಿಯಲ್ಲಿ ಹಳೇ ಕೂಲರುಗಳ ಕೆಳಗೆ ಬಿದ್ದಿದ್ದ ಆ ಸೆಟ್ಟನ್ನು ಕಂಡಾಗ ಮಾತ್ರ ಅವನ ಬಾಯಿ ಕಟ್ಟಿಹೋಯಿತು. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ರಿಸೀವರ್. ನಲವತ್ತು ಕಿಲೋ ಮೀರಿದ ಹಸಿರು ಪೆಟ್ಟಿಗೆ, ಒಳಗೆ ಬಲ್ಬಿನಂಥ ಒಂಬತ್ತು ಗಾಜಿನ ವಾಲ್ವು. ಅಣ್ಣ ಬೆಟ್ಟಯ್ಯ ಸೈನ್ಯದ ಸಿಗ್ನಲ್ಸ್‌ನಲ್ಲಿದ್ದಾಗ, ಅರವತ್ತೆರಡರ ಚೀನಾ ಯುದ್ಧದಲ್ಲಿ, ಇಂಥದೇ ಹಳೇ ಸೆಟ್ಟಿನ ಮುಂದೆ ಕೂತು ಸಂದೇಶ ಬರೆದುಕೊಳ್ಳುತ್ತಿದ್ದ. ಆಗ ಅವನಿಗೆ ಇಪ್ಪತ್ತು. ಈಗ ಎಂಬತ್ತಮೂರು, ಜೊತೆಗೆ ಮರೆವಿನ ಕಾಯಿಲೆ. ಹೆಂಡತಿ ಸಿದ್ದಲಿಂಗಮ್ಮ ಯಾರೆಂದು ಗೊತ್ತಿಲ್ಲ, ಒಂದೇ ಮನೆಯಲ್ಲಿರುವ ತಮ್ಮ ಯಾರೆಂದು ಗೊತ್ತಿಲ್ಲ. ಒಂದೂವರೆ ವರ್ಷದಿಂದ ಬಾಯಿಬಿಟ್ಟು ಒಂದು ಮಾತಾಡಿಲ್ಲ.

ರೇವಣಸಿದ್ದ ಎಂಟು ತಿಂಗಳು ಆ ಸೆಟ್ಟಿಗೆ ಬಾಣಂತನ ಮಾಡಿದ. ಇಲಿ ಕಡಿದ ವೈರುಗಳನ್ನು ಒಂದೊಂದಾಗಿ ಬದಲಾಯಿಸಿದ. ಸತ್ತಿದ್ದ ಕೆಪಾಸಿಟರುಗಳ ತಿರುಳನ್ನು ಕೆದಕಿ ತೆಗೆದು, ಹೊಸವನ್ನು ಅದೇ ಹಳೇ ಮೇಣದ ಕೊಳವೆಯೊಳಗೆ ಅಡಗಿಸಿ ಮತ್ತೆ ಮೇಣ ಹೊಯ್ದ.

“ಒಳ್ಗಡೆ ಯಾರಪ್ಪ ನೋಡ್ತಾರೆ ರೇವಣ್ಣ?” ಎಂದು ಸಿದ್ದಲಿಂಗಮ್ಮ ಕೇಳಿದರು.

“ನಾನ್ ನೋಡ್ತೀನಲ್ಲ ಅತ್ಗೆ.”

ಸೆಟ್ಟು ಮೊದಲ ಸಲ ಉಸಿರಾಡಿದ್ದು ಶ್ರಾವಣದ ಒಂದು ಬೆಳಿಗ್ಗೆ, ಏಳು ಗಂಟೆಗೆ. ಡಯಲ್ ತಿರುಗಿಸುತ್ತಿದ್ದಾಗ ಗೊರಗೊರ ಸದ್ದಿನ ನಡುವೆ ಪೀ ಪೀ ಎಂದು ಮೋರ್ಸ್ ಕೇಳಿಸಿತು, ಹಳೇ ತಂತಿ ಕಚೇರಿಯ ಚುಕ್ಕಿ-ಗೆರೆಯ ಭಾಷೆ. ನಿಧಾನವಾದ, ಒಂದೇ ಹದದ ಸದ್ದು. ಒಳಮನೆಯಲ್ಲಿ ಕೂತಿದ್ದ ಬೆಟ್ಟಯ್ಯ ಗೋಡೆ ಹಿಡಿದುಕೊಂಡು ಎದ್ದು ಬಂದ. ಕುರ್ಚಿ ಎಳೆದುಕೊಂಡು ಕೂತ, ಹೆಡ್‌ಫೋನ್ ಹಾಕಿಕೊಂಡ, ತಮ್ಮನ ಕಿವಿಯ ಮೇಲಿದ್ದ ಪೆನ್ಸಿಲನ್ನು ಕೇಳದೆ ಕಿತ್ತುಕೊಂಡು ಬರೆಯತೊಡಗಿದ. ಇಂಗ್ಲಿಷ್ ಅಕ್ಷರಗಳು, ಗೆರೆ ಹೊಡೆದ ಹಾಗೆ ನೆಟ್ಟಗೆ. ಅನ್ನವನ್ನು ಬಾಯಿಗಿಡಲು ತಡಕಾಡುವ ಕೈ ಅದು. ಸಿದ್ದಲಿಂಗಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತರು. ರೇವಣಸಿದ್ದನೂ ಅತ್ತ, ಆಮೇಲೆ ಬೆಸುಗೆಯ ಫ್ಲಕ್ಸಿನ ಹೊಗೆ ಎಂದ.

ಅಂದಿನಿಂದ ದಿನಾ ಏಳಕ್ಕೆ ಅದೇ ಸದ್ದು, ಅದೇ ಬರವಣಿಗೆ. ಬೇರೆ ಮೋರ್ಸ್ ಎಷ್ಟು ಬಂದರೂ ಬೆಟ್ಟಯ್ಯ ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ತನ್ನ ಸ್ಟೇಷನ್ನಿಗಾಗಿ ಕಾಯುತ್ತಿದ್ದ. ಬರೆದು ಮುಗಿಸಿದ ಮೇಲೆ ಎದುರಿಗಿದ್ದ ತಮ್ಮನ ಕಡೆ ನೋಡಿ ಸಣ್ಣಗೆ ತಲೆಯಾಡಿಸುತ್ತಿದ್ದ. ದಿನಕ್ಕೆ ಅದೊಂದು ತಲೆಯಾಡಿಸುವಿಕೆ ಸಿಕ್ಕರೆ ರೇವಣಸಿದ್ದನಿಗೆ ಸಾಕಾಗಿತ್ತು.

ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಸದ್ದು ನಿಂತಿತು. ರೇವಣಸಿದ್ದ ಸೆಟ್ಟನ್ನೇ ಅನುಮಾನಿಸಿದ. ವಾಲ್ವು ಬದಲಾಯಿಸಿದ, ಏರಿಯಲ್ ತಂತಿಯನ್ನು ಇಳಿಸಿ ಮತ್ತೆ ಕಟ್ಟಿದ, ತಾನು ಬೈಯುವವರ ಪಟ್ಟಿಗೆ ತನ್ನನ್ನೂ ಸೇರಿಸಿಕೊಂಡ. ಸೆಟ್ಟು ಸರಿಯಾಗಿಯೇ ಇತ್ತು. ಊರೂರಿನ ಸದ್ದೆಲ್ಲ ಬರುತ್ತಿತ್ತು. ಏಳು ಗಂಟೆಯದು ಮಾತ್ರ ಇಲ್ಲ. ಬೆಟ್ಟಯ್ಯ ಪೆನ್ಸಿಲ್ ಹಿಡಿದು ಒಂಬತ್ತರವರೆಗೂ ಕೂರುತ್ತಿದ್ದ. ಆರನೇ ದಿನ ಊಟ ಬಿಟ್ಟ.

ಅಣ್ಣನ ಹಾಳೆಗಳ ಮೇಲೆ ದಿನವೂ ಮೊದಲಿಗೆ ಅದೇ ಅಕ್ಷರಗಳ ಗುಂಪು ಇರುತ್ತಿತ್ತು. ಅದು ಹವ್ಯಾಸಿ ರೇಡಿಯೋದವರಿಗೆ ಸರ್ಕಾರ ಕೊಡುವ ಕರೆಹೆಸರು ಎಂದು ಪರಿಚಯದವರು ಹೇಳಿದರು, ವಿಳಾಸವನ್ನೂ ಹುಡುಕಿಕೊಟ್ಟರು. ಎಲ್ಲೋ ಸಿಲೋನಿನವನು ಎಂದುಕೊಂಡಿದ್ದರೆ ಇದೇ ಊರಿನ ಸರಸ್ವತಿಪುರಂ. ರೇವಣಸಿದ್ದ ಆಟೋ ಹತ್ತಿ ಹೋದ. ಬಾಗಿಲು ತೆಗೆದವಳು ಧರಣಿ, ಆ ಮನೆಯ ಮಗಳು.

“ಅಪ್ಪಾಜಿ ಹೋಗ್ಬುಟ್ರು, ಹದಿನೈದು ದಿನ ಆಯ್ತು,” ಎಂದಳು. ತಂತಿ ಇಲಾಖೆಯಿಂದ ನಿವೃತ್ತರಾಗಿದ್ದ ಚೆಲುವರಾಜು ದಿನಾ ಕಾಫಿ ಕುಡಿದು ತಮ್ಮ ಹೆಸರು, ಊರು, ಅವತ್ತಿನ ಬಿಸಿಲು ಮೋಡ ಎಲ್ಲ ಮೋರ್ಸಿನಲ್ಲಿ ಕುಟ್ಟುತ್ತಿದ್ದರಂತೆ. “ಯಾರ್ ಕೇಳ್ತಾರಪ್ಪಾಜಿ ಅಂತ ರೇಗಿಸ್ತಿದ್ವಿ. ಯಾರೋ ಒಬ್ರು ಇರ್ತಾರೆ ಕಣಮ್ಮ ಅನ್ನೋರು.”

ಆ ಒಬ್ಬರು ತನ್ನ ಅಣ್ಣ ಎಂದು ರೇವಣಸಿದ್ದ ಹೇಳಿದ. “ಅವರು ಕುಟ್ಟಿದ್ದು ರೆಕಾರ್ಡ್ ಏನಾರ ಮಾಡಿದ್ರಾ ತಾಯಿ?”

“ಅದ್ಯಾರ್ ಮಾಡ್ತಾರೆ ಸಾರ್.” ಅವಳಿಗೆ ಅಳು ಬಂತು. ಒಳಗೆ ಹೋಗಿ ಅಪ್ಪ ಒತ್ತಿ ಕುಟ್ಟುತ್ತಿದ್ದ ಮೋರ್ಸ್ ಕೀ ತಂದು, ಇದು ನಿಮ್ಮಲ್ಲೇ ಇರಲಿ ಎಂದು ಕೈಗಿಟ್ಟಳು.

ಅದನ್ನು ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಬರುವಾಗಲೇ ರೇವಣಸಿದ್ದನ ತಲೆಗೆ ಆ ಉಪಾಯ ಹೊಳೆದದ್ದು. ವಾಲ್ವು ಸತ್ತರೆ ಬೇರೆ ವಾಲ್ವು ಹಾಕುವುದಿಲ್ಲವೇ, ಮನುಷ್ಯ ಸತ್ತರೂ ಹಾಗೇ ಎಂದುಕೊಂಡ ಆ ಮಹಾನುಭಾವ. ಮುಂಗೋಣೆಯಿಂದ ಅಡುಗೆಮನೆಗೆ ವೈರು ಎಳೆದ. ಅಲ್ಲಿ ಕೀ ಒತ್ತಿದರೆ ಅಣ್ಣನ ಹೆಡ್‌ಫೋನಿನಲ್ಲಿ ಪೀ ಎನ್ನಬೇಕು. ಇಪ್ಪತ್ತು ದಿನ ಅಣ್ಣ ಮಲಗಿದ ಹೊತ್ತು ನೋಡಿಕೊಂಡು ಮೋರ್ಸ್ ಕಲಿತ. ಏನು ಕುಟ್ಟಬೇಕು ಎಂಬ ಯೋಚನೆಯೇ ಇರಲಿಲ್ಲ. ಚೆಲುವರಾಜುವಿನ ಕರೆಹೆಸರು, ಊರು, ಬಿಸಿಲು, ಹಾಳೆಯಲ್ಲಿದ್ದದ್ದು ಇದ್ದ ಹಾಗೇ.

ಅಷ್ಟರಲ್ಲಿ ಬೆಟ್ಟಯ್ಯ ಹೊತ್ತಿಗೆ ಎರಡು ಚಮಚ ಗಂಜಿಗೆ ಇಳಿದಿದ್ದ, ಅದೂ ಸಿದ್ದಲಿಂಗಮ್ಮ ಬಾಯಿಗೆ ಹಿಡಿದರೆ. ಸೋಮವಾರ ಏಳು ಗಂಟೆಗೆ ರೇವಣಸಿದ್ದ ಅಡುಗೆಮನೆಯ ಮಣೆಯ ಮೇಲೆ ಕೂತು ಶಿವನೇ ಎಂದು ಕೀ ಒತ್ತಿದ.

ಬಾಗಿಲಲ್ಲಿ ನಿಂತ ಸಿದ್ದಲಿಂಗಮ್ಮ ಕೈಸನ್ನೆ ಮಾಡಿದರು: ಬರೀತವ್ರೆ. ರೇವಣಸಿದ್ದನ ಎದೆ ಅರಳಿತು. ಕರೆಹೆಸರು ಮುಗಿಸಿ ಊರಿನ ಹೆಸರಿಗೆ ಬಂದ. ಸಿದ್ದಲಿಂಗಮ್ಮನ ಕೈ ಕೆಳಗಿಳಿಯಿತು. ಪೆನ್ಸಿಲ್ ನಿಂತಿದೆ ಎಂದು ಅವನಿಗೆ ತಿಳಿಯಿತು. ಮತ್ತೆ ಮೊದಲಿನಿಂದ, ಇನ್ನೂ ಜಾಗ್ರತೆಯಿಂದ ಕರೆಹೆಸರು ಕುಟ್ಟಿದ. ಆಮೇಲೆ ತಡೆಯಲಾರದೆ ಎದ್ದು ಮುಂಗೋಣೆಗೆ ಓಡಿದ.

ಬೆಟ್ಟಯ್ಯ ಹೆಡ್‌ಫೋನ್ ತೆಗೆದಿಟ್ಟಿದ್ದ. ತಮ್ಮನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಎರಡೂವರೆ ವರ್ಷದ ಮೇಲೆ ಬಾಯಿಬಿಟ್ಟ.

“ಹೆಸ್ರು ನಮ್ಮೋನ್ದು. ಕೈ ನಮ್ಮೋನ್ದಲ್ಲ. ವೈರಿ ಕೂತವ್ನೆ ಅಲ್ಲಿ.”

ರೇವಣಸಿದ್ದನಿಗೆ ಹಿಂದೆ ಸೈನ್ಯದಿಂದ ರಜಕ್ಕೆ ಬಂದಾಗ ಅಣ್ಣ ಹೇಳಿದ್ದು ಈಗ, ಕೆಲಸ ಕೆಟ್ಟ ಮೇಲೆ, ನೆನಪಾಯಿತು. ಕೀ ಒತ್ತುವ ಕೈ ಒಬ್ಬೊಬ್ಬನದು ಒಂದೊಂದು ಥರ. ವೈರಿ ನಮ್ಮವನ ಹೆಸರು ಕದಿಯಬಹುದು, ಕೈ ಕದಿಯಲಾರ. ಹೆಸರು ಸರಿ, ಕೈ ಬೇರೆ ಎಂದರೆ ಆ ಠಾಣೆ ವೈರಿಯ ಕೈಗೆ ಬಿದ್ದಿದೆ ಎಂದೇ ಅರ್ಥ. ತನ್ನ ಮಾತಿನಲ್ಲೇ ಏನಾದರೂ ಕುಟ್ಟಿದ್ದರೆ ಅಣ್ಣ ಹೊಸಬ ಯಾರೋ ಎಂದು ಸುಮ್ಮನಿರುತ್ತಿದ್ದನೋ ಏನೋ.

“ನಮ್ಮೋನ್ನ ಮುಗಿಸ್ಬುಟ್ರು,” ಎಂದ ಬೆಟ್ಟಯ್ಯ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. “ಸೆಟ್ ಬಂದ್ ಮಾಡು. ಜವಾಬ್ ಕೊಡ್ಬೇಡ.”

ಅಲ್ಲಿ ಕೂತಿದ್ದವನು ನಾನೇ ಕಣಣ್ಣಯ್ಯ ಎನ್ನಲು ರೇವಣಸಿದ್ದ ಬಾಯಿ ತೆರೆದ. ಆದರೆ ನಾನು ಎಂದರೆ ಯಾರು ಎಂದು ಅಣ್ಣನಿಗೆ ಗೊತ್ತಿರಬೇಕಲ್ಲ.

“ಸರಿ ಸಾರ್,” ಎಂದು ಸ್ವಿಚ್ಚು ಆರಿಸಿದ. ಬೆಟ್ಟಯ್ಯ ಅವನ ಮಣಿಕಟ್ಟು ಬಿಡಲಿಲ್ಲ. ಮುಖವನ್ನೇ ನೋಡಿರದ ಗೆಳೆಯನಿಗಾಗಿ ಎಳೆಮಗುವಿನಂತೆ ಅಳುತ್ತಾ, ಪಕ್ಕದಲ್ಲಿದ್ದ ಈ ಯಾರೋ ಸಿಪಾಯಿಯನ್ನು ಹುಷಾರಾಗಿರು, ಹುಷಾರಾಗಿರು ಎಂದು ಎಚ್ಚರಿಸುತ್ತಲೇ ಇದ್ದ.