ಮೈಕಿನ ವೈರು ಹಿಡಿದ ಕ್ಲಿಪ್ಪು

ನಾನು ಹೆಬ್ಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ಕ್ಲಿಪ್ಪು. ಗದಗಿನ ಒಂದು ಮನೆಯ ಊಟದ ಮೇಜಿನ ಮೇಲೆ, ತ್ರೀಡಿ ಪ್ರಿಂಟರಿನ ಬಿಸಿ ಮೂತಿಯಿಂದ ಶಾವಿಗೆಯ ಎಳೆಯಂತೆ ಇಳಿದು, ಪದರದ ಮೇಲೆ ಪದರವಾಗಿ ಹುಟ್ಟಿದೆ. ನನ್ನನ್ನು ಮಾಡಿಸಿದವಳು ಕಸ್ತೂರಿ, ಸಮಾರಂಭಗಳ ವಿಡಿಯೊ ತೆಗೆಯುವವಳು. ಪ್ರಿಂಟರು ಅವಳ ಅಣ್ಣನ ಮಗಳು ಸ್ಫೂರ್ತಿಯದು. ಕಸ್ತೂರಿ ಮೈಕಿನ ವೈರಿನ ದಪ್ಪವನ್ನು ಬಟ್ಟೆ ಹೊಲಿಯುವ ಟೇಪಿನಲ್ಲಿ ಅಳೆದಿದ್ದಳು. ಹಾಗಾಗಿ ನನಗಿಂತ ಮೊದಲು ಹುಟ್ಟಿದ ಎರಡು ಕ್ಲಿಪ್ಪುಗಳ ಬಾಯಿಗೆ ವೈರು ಹೋಗಲೇ ಇಲ್ಲ.

"ಅತ್ತಿ, ಇದೇನ ಜಂಪರ್ ಅಲ್ಲ, ಹೊಲಿಗಿ ಬಿಚ್ಚಿ ಸಡಲ ಮಾಡಾಕ," ಎಂದು ಸ್ಫೂರ್ತಿ ನಕ್ಕಳು.

ಕಸ್ತೂರಿ ನಗಲಿಲ್ಲ. ಹಿಂದಿನ ವರ್ಷ ಬಸಲಿಂಗವ್ವ ಎಂಬ ಅಜ್ಜಿ ತನ್ನ ಬಸುರಿ ಮೊಮ್ಮಗಳ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಹಾಡಿದ್ದಳು. ಜೋತಾಡುತ್ತಿದ್ದ ವೈರು ಕ್ಯಾಮೆರಾದಿಂದ ಕಳಚಿ, ಕಸ್ತೂರಿ ತೆಗೆದ ವಿಡಿಯೊದಲ್ಲಿ ಚಿತ್ರವಷ್ಟೇ ಉಳಿದಿತ್ತು.

"ಎಮ್ಮಿ ಮೆಲಕ ಹಾಕಿದಂಗ ಕಾಣ್ತೀನಲ್ಲವಾ," ಎಂದಿದ್ದಳಂತೆ ಅದನ್ನು ನೋಡಿದ ಅಜ್ಜಿ.

ಅದು ಅವಳ ತಾಯಿಯ ಹಾಡು. ಬೇರೆ ಯಾರಿಗೂ ಬಾರದು. ಸುಮ್ಮನೆ ಹಾಡು ಎಂದರೆ ಹಾಡುವವಳೂ ಅಲ್ಲ, ಎದುರಿಗೆ ಬಸುರಿ ಕೂತಿರಬೇಕು. ಕಸ್ತೂರಿ ಆ ಮೂಕ ವಿಡಿಯೊವನ್ನು ಎಷ್ಟೋ ಸಲ ಹಾಕಿ, ಅಜ್ಜಿಯ ತುಟಿ ನೋಡುತ್ತ, ಅಂದು ಕೇಳಿದ್ದನ್ನು ನೆನೆಯುತ್ತ, ಸಿಕ್ಕಷ್ಟು ನುಡಿಗಳನ್ನು ಬರೆದುಕೊಂಡಿದ್ದಳು.

ಈಗ ಕಿರಿಯ ಮೊಮ್ಮಗಳ ಕುಬಸ. ಆಮೇಲೆ ಹಾಡಿಸಿಕೊಳ್ಳಲು ಮೊಮ್ಮಕ್ಕಳಿಲ್ಲ. ಕಸ್ತೂರಿ ನನ್ನನ್ನು ಕ್ಯಾಮೆರಾದ ಪಕ್ಕೆಗೆ ಸಿಕ್ಕಿಸಿ, ವೈರನ್ನು ನನ್ನ ಬಾಯಲ್ಲಿ ಕೂರಿಸಿದಳು. ಕೆಳಗಿನಿಂದ ನನಗೆ ಅವಳ ಗದ್ದವಷ್ಟೇ ಕಾಣುತ್ತಿತ್ತು. ವೈರನ್ನು ಎರಡು ಸಲ ಎಳೆದು ನೋಡಿದಳು.

ಅಜ್ಜಿ ಹಾಡತೊಡಗಿದಳು. ನಡುವೆ ಯಾರದೋ ಸೆರಗು ಸಿಕ್ಕಿ ವೈರನ್ನು ಎಳೆಯಿತು. ನಾನು ಬಿಡಲಿಲ್ಲ. ಆದರೆ ಮೂರನೆಯ ನುಡಿಗೆ ಬಂದು ಅಜ್ಜಿಯೇ ನಿಂತುಬಿಟ್ಟಳು. ಮರೆತುಹೋಗಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಕ್ಯಾಮೆರಾದ ಹಿಂದಿನಿಂದ ಕಸ್ತೂರಿ ಆ ನುಡಿಯನ್ನು ಎತ್ತಿಕೊಂಡಳು. ಒಣಗಿದ, ಅಭ್ಯಾಸವಿಲ್ಲದ ದನಿ. ಅಜ್ಜಿ ಅದರ ಹಿಂದೆ ಬಂದಳು. ಉಳಿದದ್ದನ್ನು ಇಬ್ಬರೂ ಕೂಡಿ ಹಾಡಿದರು.

ಮುಂದಿನ ವಾರ ಅಜ್ಜಿ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದಳು.

"ನಡುವ ಬಂದ ನನ್ನ ದನಿ ತಗದು ಕೊಡ್ತೀನ್ರೀ ಅಮ್ಮಾ," ಎಂದಳು ಕಸ್ತೂರಿ.

"ಯಾಕ ತಗೀತಿ? ನಾ ಹೋದ ಮ್ಯಾಲೆ ಇದನ್ನ ಹಾಡಾಕಿ ನೀನ ಅಲ್ಲೇನ?"

ಕಸ್ತೂರಿ ವೈರನ್ನು ಸುತ್ತತೊಡಗಿದಳು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

ಈಗ ವೈರಿಲ್ಲದ ಮೈಕು ಬಂದಿದೆ. ನನ್ನ ಬಾಯಿ ಸವೆದು ಅಗಲವಾಗಿದೆ. ಕಸ್ತೂರಿಯ ಚೀಲದ ಒಂದು ಮೂಲೆಯಲ್ಲಿದ್ದೇನೆ. ಬಸಲಿಂಗವ್ವ ಇಲ್ಲ. ನಾನು ಹಿಡಿದುಕೊಂಡದ್ದು ಒಂದು ವೈರನ್ನಷ್ಟೇ, ಹಾಡನ್ನು ಹಿಡಿದುಕೊಂಡವಳು ಬೇರೆ. ಅವಳು ಈಗ ಯಾವ ಕುಬಸಕ್ಕೆ ಹೋದರೂ ಹೆಂಗಸರು ಕರೆಯುತ್ತಾರೆ: "ಕಸ್ತೂರಕ್ಕ, ಕ್ಯಾಮೆರಾ ಸ್ಫೂರ್ತಿ ಕೈಯಾಗ ಕೊಡ್ರಿ. ನೀವು ಇಲ್ಲಿ ಬಂದು ಕುಂದರ್ರಿ."

ಅವಳು ಹೋಗಿ ಬಸುರಿಯ ಎದುರಿಗೆ ಕೂರುತ್ತಾಳೆ.