ಉಲ್ಲೇಖ ಸಿಗಲಿಲ್ಲ

ಉಲ್ಲೇಖ ಸಿಗಲಿಲ್ಲ, ಪರದೆಯ ಮೇಲೆ ಮತ್ತೆ ಅದೇ ಕೆಂಪು ಸಾಲು, ಸಿಗಲಿಲ್ಲವಂತೆ, ಯಾವುದು ಸಿಗಲಿಲ್ಲ, ಎಲ್ಲಿ ಹುಡುಕಿದೆ, ಯಾರು ತೆಗೆದರು, ಅದೊಂದನ್ನೂ ಹೇಳದೆ ಬಾಗಿಲಲ್ಲೇ ನಿಂತು ಇಲ್ಲ ಹೋಗಿ ಎನ್ನುವ ಕಾವಲುಗಾರನ ಹಾಗೆ — ಇದೇ ಸಾಲನ್ನು ತಿದ್ದಲೆಂದೇ ಅವಳನ್ನು ಇಲ್ಲಿ ಕೂರಿಸಿದ್ದು, ಕಡತಗಳ ಹಳೆಯ ಪ್ರತಿ ಹೊಸ ಪ್ರತಿ ಎಲ್ಲವನ್ನೂ ಕಾಯುವ ತಂತ್ರಾಂಶ ಕಂಗಾಲಾದಾಗ ಮನುಷ್ಯರ ಮಾತಿನಲ್ಲಿ ಹೇಳಲಿ ಎಂದು, ಈ ಹೆಸರಿನ ಶಾಖೆ ಇಲ್ಲಿಲ್ಲ, ಯಾರೋ ಅಳಿಸಿರಬಹುದು, ಅವರನ್ನು ಕೇಳಿ, ಹೀಗೆ ಒಂದೊಂದು ಪದ ತೂಗಿ ಬರೆದಳು, ಬರೆದದ್ದೆಲ್ಲ ಇದ್ದದ್ದು ಒಂದು ಶಾಖೆಯಲ್ಲಿ, ಅವಳ ಕೆಲಸಕ್ಕೆಂದೇ ಹೆಸರಿಟ್ಟು ಕವಲೊಡೆಸಿದ ಪ್ರತಿಯಲ್ಲಿ, ಆ ಶಾಖೆಯೇ ಈಗ ಸಿಗಲಿಲ್ಲ, ಥತ್, ಕೊಡೆ ರಿಪೇರಿಯವನ ಕೊಡೆಯೇ ಸೋರಿದ ಹಾಗೆ. ಊಟ ಆದ್ಮೇಲೆ ತೋರ್ಸು, ನೋಡಿ ನಿನ್ನ ಕೆಲ್ಸ ಖಾಯಂ ಮಾಡೋದೋ ಬಿಡೋದೋ ಹೇಳ್ತೀನಿ, ಮೇಡಂ ಹೇಳಿ ಹೋಗಿದ್ದಾರೆ, ಏನು ತೋರಿಸಲಿ, ಕೆಂಪು ಸಾಲು ತೋರಿಸಲೇ. ಅಳಿಸಿದ್ದು ಯಾರೆಂದು ಹುಡುಕಬೇಕಿಲ್ಲ, ಎದುರು ಮೇಜಿನ ಪೊರಕೆ ಅಣ್ಣ, ಆ ಹೆಸರು ಸುಮ್ಮನೆ ಬಂದಿಲ್ಲ, ಕೆಲಸ ಮುಗಿದ ಶಾಖೆಗಳನ್ನೆಲ್ಲ ವಾರಕ್ಕೊಮ್ಮೆ ಗುಡಿಸಿ ಹಾಕುವವನು, ಇಟ್ಕೋಬೇಕು ಅನ್ನೋರು ಈಗ್ಲೇ ಹೇಳ್ಬಿಡ್ರಪ್ಪ, ಆಮೇಲೆ ನನ್ನ ತಲೆ ತಿನ್ಬೇಡಿ, ಬೆಳಿಗ್ಗೆ ಕೋಣೆಗೆಲ್ಲ ಕೇಳುವಂತೆ ಕೂಗಿದ, ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಯಾರೋ ಯಾವುದಕ್ಕೋ ನಕ್ಕರು, ಮುಚ್ಚಿಕೊಂಡಳು, ಅಷ್ಟೇ, ಬಾಯಿಗೆ ಬೀಗ ಹಾಕ್ಕೊಂಡಿದೀಯೇನೇ, ಚಿಕ್ಕಂದಿನ ಅಂಗಡಿ ಮುಂದೆ ನಿಂತು ಅಮ್ಮ ನೆನಪಲ್ಲಿ ಈಗಲೂ ತಿವಿಯುತ್ತಾಳೆ, ಹಿಂದೆ ಬಂದೋರೆಲ್ಲ ತಗೊಂಡು ಹೋದ್ರು, ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ ಕಣೇ, ಬದುಕಲಿ, ಅವರೇ ಬದುಕಲಿ. ಹೋದದ್ದು ಶಾಖೆಯ ಹೆಸರು ಮಾತ್ರ, ಬರೆದದ್ದು ಒಳಗೆಲ್ಲೋ ಇದೆ, ಅದು ಗೊತ್ತು ಅವಳಿಗೆ, ಬೋರ್ಡು ಕಿತ್ತ ಮಾತ್ರಕ್ಕೆ ಮನೆ ಬೀಳುವುದಿಲ್ಲ, ಮನೆಯ ಸಂಖ್ಯೆ ಸಿಕ್ಕರೆ ಸಾಕು, ಅಳಿಸುವಾಗ ತಂತ್ರಾಂಶ ಆ ಸಂಖ್ಯೆಯನ್ನು ಒಮ್ಮೆ ತೋರಿಸುತ್ತದೆ, ಅಳಿಸಿದವನ ಪರದೆಯಲ್ಲಿ ಮಾತ್ರ, ಆ ಪರದೆ ಆರುವವರೆಗೆ ಮಾತ್ರ, ಅವನದೋ ಮುಚ್ಚಳ ಇಳಿಸಿದರೆ ಸತ್ತೇ ಹೋಗುವ ಹಳೆಯ ಲ್ಯಾಪ್‌ಟಾಪು — ಮುಚ್ಚಳಕ್ಕೆ ಕೈ ಹಾಕಿದ, ಅರ್ಧ ಇಳಿಸಿದ, ಏನೋ ನೆನಪಾಗಿ ಎತ್ತಿದ, ಕೇಳು, ಈಗ ಕೇಳು, ಫೋನು ಬಂತು, ಹಾಂ ಹೊರಟೆ ಹೊರಟೆ, ಮುಚ್ಚಳ ಮತ್ತೆ ಇಳಿಯುತ್ತಿದೆ, ಏಳೇ, ಎದ್ದಿದ್ದಾಳೆ, ಕುರ್ಚಿ ಕಿರುಗುಟ್ಟಿ ಎಲ್ಲರೂ ತಿರುಗಿದರು, ಅಣ್ಣ ಮುಚ್ಬೇಡಿ, ಅಂದದ್ದು ತಾನೇನಾ, ಏನಮ್ಮಾ ಅಂದ ಅವನು, ಮುಚ್ಬೇಡಿ ಅಂದೆ, ಅದು ನಂದು, ಆ ಸಂಖ್ಯೆ, ಬೆರಳು ಪರದೆಯತ್ತ ತೋರಿಸುತ್ತಿದೆ — ಅರ್ಧ ಇಳಿದ ಮುಚ್ಚಳ, ಅಂಚಿನ ಮೇಲೆ ಅವನ ಬೆರಳುಗಳು, ಸಂದಿಯಿಂದ ಇನ್ನೂ ಮೇಜಿಗೆ ಬೀಳುತ್ತಿರುವ ಬೆಳಕು, ಮುಚ್ಚಳ, ಬೆಳಕು