ಸಿಟ್ಟು ಬಾರದ ಗಂಟಲು

ನನ್ನ ಅಕ್ಕ ಹಡಗಿನ ತುದಿಯಲ್ಲಿ ನಿಂತು ಒಮ್ಮೆ ಗದರಿದರೆ ಧ್ರುವ ಸಮುದ್ರದ ಹಿಮ ಮೂರು ಮೈಲಿ ಉದ್ದಕ್ಕೆ ಬಿರುಕು ಬಿಡುತ್ತಿತ್ತು. ಆ ಬಿರುಕಿನಲ್ಲೇ ಹಡಗು ಸಾಗುತ್ತಿತ್ತು. ಎಂಜಿನ್ ಬರೀ ಶೋಕಿಗೆ. ಅಂಥ ಗಂಟಲನ್ನು ಬೆಂಕಿಪೊಟ್ಟಣದಷ್ಟು ಯಂತ್ರದೊಳಗೆ ಹಿಡಿದು ಕೂರಿಸಿದವನು ನಾನು. ನಂಬದಿದ್ದರೆ ನಷ್ಟ ನಿಮ್ಮದು.

ಅಕ್ಕ ಸಮುದ್ರ ವಿಜ್ಞಾನಿ. ಹಿಮದಡಿಯ ನೀರು ಎಷ್ಟು ಬೆಚ್ಚಗಾಗುತ್ತಿದೆ ಎಂದು ಅಳೆಯುವುದು ಅವಳ ಕೆಲಸ. ನಾನು ಅದೇ ಸಂಸ್ಥೆಯಲ್ಲಿ, ಅವಳಿಗಿಂತ ಎರಡು ಮಹಡಿ ಕೆಳಗೆ, ಯಂತ್ರಗಳಿಗೆ ಮಾತು ಕಲಿಸುವ ವಿಭಾಗದ ಮುಖ್ಯಸ್ಥ. ಪಕ್ಕದ ಕೋಣೆಯ ಗೂಢಲಿಪಿಯವರು ಜಗತ್ತಿನ ಯಾವ ಗುಟ್ಟನ್ನಾದರೂ ಬಚ್ಚಿಡಬಲ್ಲವರು; ಅಕ್ಕನ ಪಿಸುಮಾತನ್ನು ಗುಟ್ಟಾಗಿಡುವ ಸೂತ್ರ ಮಾತ್ರ ತಮ್ಮಲ್ಲಿಲ್ಲವೆಂದು ಕೈಚೆಲ್ಲಿದ್ದರು. ಇಡೀ ಕಟ್ಟಡ ಅವಳನ್ನು ಕರೆಯುತ್ತಿದ್ದುದೇ ಸೈರನ್ ಎಂದು.

ಆ ಸೈರನ್ನಿನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ವೈದ್ಯರು. ಅದಕ್ಕೂ ಮೊದಲು ಅವಳನ್ನು ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ದಿನಗಟ್ಟಲೆ ಓದಿಸಿ, ಮಾತಾಡಿಸಿ ದನಿ ಮುದ್ರಿಸಿಕೊಂಡೆ. ಈಗ ಅವಳು ಟೈಪ್ ಮಾಡಿದ್ದನ್ನು ಯಂತ್ರ ಅವಳದೇ ದನಿಯಲ್ಲಿ ಆಡುತ್ತದೆ. ಮೊದಲ ಸಲ ಕೇಳಿದ ದಿನ ಭಾವ ಅತ್ತ ಕಣ್ಣೀರಿಗೆ ಅಡುಗೆಮನೆಯ ಪಾತ್ರೆಗಳು ಹೊಸಿಲು ದಾಟಿ ತೇಲಿದವು.

ಮೊನ್ನೆ ನಿರ್ದೇಶಕರು ಸಭೆ ಕರೆದರು. ಅಕ್ಕ ಹಿಮದಡಿ ಇಳಿಬಿಟ್ಟು ಬಂದ ಮಾಪಕಗಳನ್ನು ತರಲು ಈ ಸಲ ಹಡಗು ಹೋಗುವುದಿಲ್ಲವಂತೆ. ಈ ಬೇಸಿಗೆ ತಪ್ಪಿದರೆ ಬ್ಯಾಟರಿ ಸತ್ತು, ತಾವಿರುವ ಜಾಗ ತಿಳಿಸುವ ಸಂಕೇತ ನಿಂತು, ಅವು ಸಮುದ್ರದ ಪಾಲು. ಅಕ್ಕನ ಮುಖ ಕೆಂಡವಾಯಿತು. ಕೀಲಿಗಳು ಪುಡಿಯಾಗುವಂತೆ ಕುಟ್ಟಿದಳು.

“ನಿಮಗೆ ನಾಚಿಕೆ ಆಗಲ್ವಾ? ಪ್ರಾಣ ಪಣಕ್ಕಿಟ್ಟು ಇಳಿಸಿ ಬಂದಿದ್ದೀವಿ. ಅದನ್ನ ಮುಳುಗಿಸೋಕೆ ನೀವ್ಯಾರು?” ಎಂದಿತು ಯಂತ್ರ, ಮಗುವನ್ನು ಮಲಗಿಸುವಷ್ಟು ನಯವಾಗಿ.

ಯಾರೋ ಕಿಸಕ್ಕೆಂದರು. ನಿರ್ದೇಶಕರು ಕುರ್ಚಿಗೊರಗಿದರು. “ಎಷ್ಟು ಸಮಾಧಾನವಾಗಿ ಹೇಳಿದ್ರಿ ಮೇಡಂ! ಮೊದಲೆಲ್ಲ ನಿಮ್ಮ ಮುಂದೆ ಕೂರೋಕೆ ಕಿವಿಗೆ ಹತ್ತಿ ಬೇಕಿತ್ತು. ಸರಿ, ಮುಂದಿನ ವಿಷಯ.”

ಅಕ್ಕ ಮೇಜು ಗುದ್ದಿದಳು. “ಬಾಯಿ ಮುಚ್ಚಿ, ನಾನಿನ್ನೂ ಮುಗಿಸಿಲ್ಲ,” ಎಂದು ಯಂತ್ರ ಜೇನು ಸುರಿಸಿತು. ಸಭೆಗೆ ಸಭೆಯೇ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಬಿಸಿಗೆ ಕಿಟಕಿಯ ಗಾಜು ಕರಗದೆ ಉಳಿದದ್ದೇ ಆಶ್ಚರ್ಯ. ಅವಳು ಹಿಂದೆ ಹೀಗೆ ಎದ್ದು ನಿಂತಿದ್ದರೆ ಅದೇ ನಿರ್ದೇಶಕ ಹಡಗನ್ನು ತಾನೇ ತಳ್ಳಿಕೊಂಡು ಹೋಗುತ್ತಿದ್ದ.

ಹೊರಗೆ ಬಂದವಳೇ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು.

“ನನ್ನ ಸಿಟ್ಟೆಲ್ಲೋ?” ಯಂತ್ರ ಮುದ್ದಾಗಿ ಕೇಳಿತು.

“ಅಕ್ಕಾ, ಯಂತ್ರಕ್ಕೆ ಸಿಟ್ಟು ಕಲಿಸೋ ವಿದ್ಯೆ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೆ ಮೊದಲು ನನಗೆ ತಾನೇ ಹೇಳೋದು?”

ನಮ್ಮ ಹಿಂದೆಯೇ ಸಭೆಯಿಂದ ಬಂದ ನನ್ನ ವಿಭಾಗದ ಸಂಶೋಧಕಿ ತಡೆದು ನಿಂತಳು. “ಯಾಕ್ ಸರ್ ಹುಟ್ಟಿಲ್ಲ? ಕೂಗಾಡಿದ ಮಾತು ಒಂದಿಷ್ಟು ಕೊಡಿ, ಕಲಿಸ್ತೀನಿ ಅಂತ ನಾನೇ ಕೇಳಿದ್ನಲ್ಲ. ನಮ್ಮಕ್ಕ ಹುಟ್ಟಿದಾಗಿಂದ ದನಿ ಎತ್ತಿದೋಳೇ ಅಲ್ಲ ಅಂದ್ರಿ. ನಾನು ಆಗ ಹೊಸಬಳು, ನಂಬಿದೆ.”

ಅಕ್ಕ ನನ್ನಿಂದ ಕಣ್ಣು ಕೀಳದೆ ಟೈಪ್ ಮಾಡಿದಳು. “ಆ ಕೋಣೇಲಿ ಒಂದಿಡೀ ಮಧ್ಯಾಹ್ನ ನಿನ್ನ ಮೇಲೆ ಕೂಗಾಡಿದ್ದೆ. ಮೈಕು ಆನ್ ಇತ್ತು. ಅದೆಲ್ಲಿ?”

“ಅದು... ಅವತ್ತು ಸಿಡಿಲು ಬಡಿದು, ಇಡೀ ಊರಿನ ಮೈಕುಗಳೆಲ್ಲ...”

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಸಿಡಿಲು ಮುಂದಕ್ಕೆ ಹೋಗಲಿಲ್ಲ.

“ಮೈಕು ಸರಿಯಾಗೇ ಇತ್ತು,” ಎಂದೆ. “ನಾನೇ ಅಳಿಸಿದೆ. ಅವತ್ತು ನೀನು ನನ್ನನ್ನ, ‘ದುಡಿಯೋದು ಆ ಹುಡುಗಿ, ಎದೆ ಉಬ್ಬಿಸಿಕೊಂಡು ತಿರುಗೋದು ನೀನು, ನಿನ್ನದು ಅಂತ ಏನಿದೆಯೋ ಬಡಾಯಿ ಬಿಟ್ರೆ’ ಅಂತ ಬೈದಿದ್ದೆ. ಯಂತ್ರಕ್ಕೆ ಕಲಿಸಬೇಕಾದ್ರೆ ಇವಳು ಅದನ್ನ ಒಂದೊಂದೇ ಮಾತು ಕೂತು ಕೇಳ್ಬೇಕಿತ್ತು. ಇವಳ ಕಿವಿಗೆ ಬೀಳೋದು ನನಗೆ ಬೇಕಿರಲಿಲ್ಲ. ನಿನ್ನ ಹತ್ರ ಇನ್ನು ಅಂಥ ದನಿ ಇರಲ್ಲ ಅಂತ ಗೊತ್ತಿದ್ದೂ ಅಳಿಸಿದೆ. ನಕಲೂ ಇಟ್ಟಿಲ್ಲ, ಅಕ್ಕಾ.”